ನಮ್ಮ ರೋಣ ತಾಲೂಕಿನ ಕವಿ ದುರ್ಗಸಿಂಹ



ಸಿಂಹ ಮತ್ತು ಮೊಲದ ಕಥೆ ನಿಮಗೆಲ್ಲ ಗೊತ್ತೈತಿ. ಬಾವಿಯೊಳಗ ತನ್ನ ನೆರಳನ್ನೇ ನೋಡಿ, ಅದು ಇನ್ನೊಂದು ಸಿಂಹ ಅಂತ ತಿಳಿದು, ಸಿಟ್ಟಿಲೆ ಹಾರಿ ಸತ್ತ ಸಿಂಹ. ಹಂಸಗಳ ಕೋಲು ಕಚ್ಚಿಕೊಂಡು ಆಕಾಶದಾಗ ಹೋಗುವಾಗ ಬಾಯಿ ತೆರೆದು ಬಿದ್ದ ಆಮೆಯ ಕಥೆಯೂ ಗೊತ್ತು. ಇವೆಲ್ಲ ಪಂಚತಂತ್ರದ ಕಥೆಗಳು. ಪಂಚತಂತ್ರ ಬರೆದವರು ಯಾರು ಎಂದು ಕೇಳಿದರೆ ವಿಷ್ಣುಶರ್ಮ ಅಂತ ಇಡೀ ವರ್ಗ ಒಮ್ಮೆಲೆ ಕೂಗುತ್ತದೆ. ಆದರೆ ಪಂಚತಂತ್ರವನ್ನು ಕನ್ನಡಕ್ಕೆ ಮೊದಲು ತಂದವರು ಯಾರು ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಅವನು ದೂರದವನಲ್ಲ. ನಮ್ಮ ರೋಣ ತಾಲೂಕಿನ ಸವಡಿಯವನು. ಅವನ ಹೆಸರು ದುರ್ಗಸಿಂಹ.

ಸವಡಿಗೆ ಆಗಿನ ಹೆಸರು ಸಯ್ಯಡಿ. ಅದು ಒಂದು ಅಗ್ರಹಾರವಾಗಿತ್ತು. ಅಗ್ರಹಾರ ಅಂದರೆ ಓದು ಬಲ್ಲವರಿಗೆ ರಾಜರು ಬಿಟ್ಟುಕೊಟ್ಟ ಊರು. ಅಲ್ಲಿ ವೇದ, ಶಾಸ್ತ್ರ, ವ್ಯಾಕರಣ ಕಲಿಸುತ್ತಿದ್ದರು. ಸಯ್ಯಡಿ ಇದ್ದ ನಾಡಿಗೆ ಕಿಸುಕಾಡು ಎಂದು ಹೆಸರು. ಕಿಸು ಅಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿಗೂ ಆಗ ಕಿಸುವೊಳಲ್ ಅಂತ ಅನ್ನುತ್ತಿದ್ದರು, ಕೆಂಪು ಊರು ಅಂತ ಅರ್ಥ. ಅಲ್ಲಿಯ ಕಲ್ಲು ನೋಡಿದವರಿಗೆ ಈ ಹೆಸರು ಯಾಕೆ ಬಂತು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ದುರ್ಗಸಿಂಹನು ಇದ್ದದ್ದು ಹನ್ನೊಂದನೆಯ ಶತಮಾನದಲ್ಲಿ. ಆಗ ನಮ್ಮ ನಾಡನ್ನು ಚಾಲುಕ್ಯ ರಾಜ ಜಯಸಿಂಹನು ಆಳುತ್ತಿದ್ದನು. ಅವನಿಗೆ ಜಗದೇಕಮಲ್ಲ ಎಂಬ ಬಿರುದು ಇತ್ತು. ಅವನ ಆಳ್ವಿಕೆ ಸುಮಾರು ೧೦೧೫ ರಿಂದ ೧೦೪೨ ರವರೆಗೆ. ಅವನ ಅಕ್ಕ ತಂಗಿಯರಲ್ಲಿ ಅಕ್ಕಾದೇವಿ ಎಂಬವಳು ಇದೇ ಕಿಸುಕಾಡನ್ನು ಆಳಿದಳು. ಯುದ್ಧಕ್ಕೂ ಹೋದ ಗಟ್ಟಿಗಿತ್ತಿ ಅವಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು ಅಂತ ಶಾಸನದಾಗ ಐತಿ. ಗಜೇಂದ್ರಗಡಕ್ಕೆ ಹೋಗುವ ಕಡೆ ಇರುವ ಸೂಡಿಯ ಗುಡಿಗಳನ್ನು, ನಾಗಕುಂಡವನ್ನು ಪ್ರವಾಸಕ್ಕೆ ಹೋದಾಗ ನೋಡಿದ್ದೀರಲ್ಲ, ಆ ಸೂಡಿಯ ಶಾಸನಗಳಲ್ಲಿ ಅವಳ ಹೆಸರು ಬರುತ್ತದೆ. ಅಂದರೆ ದುರ್ಗಸಿಂಹನ ಕಾಲದಲ್ಲಿ ನಮ್ಮ ಕಡೆ ಇಂಥ ಮಂದಿ ಇದ್ದರು. ಈಗ ನಾವು ಬಸ್ಸಿನಾಗ ದಾಟಿ ಹೋಗುವ ಹೊಲಗಳ ಹಾದಿಯಲ್ಲೇ ಅವರ ಕುದುರೆ ಆನೆ ಓಡಾಡಿರಬೇಕು.

ದುರ್ಗಸಿಂಹನು ಬರೇ ಕವಿಯಲ್ಲ. ಅವನು ಜಯಸಿಂಹನ ಆಸ್ಥಾನದಲ್ಲಿ ದಂಡನಾಯಕನೂ ಸಂಧಿವಿಗ್ರಹಿಯೂ ಆಗಿದ್ದನು. ಸಂಧಿವಿಗ್ರಹಿ ಎಂಬ ಶಬ್ದ ಕೇಳಿ ನಮ್ಮ ವರ್ಗದಲ್ಲಿ ಕೆಲವರು ಮೂರ್ತಿ ಕೆತ್ತುವವನು ಅಂತ ತಿಳಿದಿದ್ದರು. ಹಂಗಲ್ಲ. ಸಂಧಿ ನಮಗೆ ವ್ಯಾಕರಣದಿಂದ ಗೊತ್ತು, ಕೂಡಿಸುವುದು. ವಿಗ್ರಹ ಅಂದರೆ ಬಿಡಿಸುವುದು, ಅದಕ್ಕೇ ಸಮಾಸ ಬಿಡಿಸಿ ಹೇಳುವಾಗ ವಿಗ್ರಹ ವಾಕ್ಯ ಅನ್ನುತ್ತೇವೆ. ರಾಜಕಾರಣದಲ್ಲಿ ಸಂಧಿ ಅಂದರೆ ಒಪ್ಪಂದ, ವಿಗ್ರಹ ಅಂದರೆ ಜಗಳ, ಯುದ್ಧ. ಯಾವ ರಾಜನ ಕೂಡ ಒಪ್ಪಂದ ಮಾಡಬೇಕು, ಯಾವನ ಕೂಡ ಯುದ್ಧ ಮಾಡಬೇಕು ಎಂದು ನೋಡುವ ಮಂತ್ರಿಯೇ ಸಂಧಿವಿಗ್ರಹಿ. ಆ ಕಾಲದಲ್ಲಿ ಚಾಲುಕ್ಯರಿಗೂ ತಮಿಳುನಾಡಿನ ಚೋಳರಿಗೂ ಮೇಲಿಂದ ಮೇಲೆ ಯುದ್ಧ ನಡೆಯುತ್ತಿತ್ತು. ಚೋಳರ ರಾಜೇಂದ್ರ ಬಹಳ ಬಲವುಳ್ಳವನು. ಇಂಥ ಹೊತ್ತಿನಲ್ಲಿ ಈ ಕೆಲಸ ಎಷ್ಟು ಕಠಿಣ ಇದ್ದೀತು ಎಂದು ನೀವೇ ಯೋಚನೆ ಮಾಡಿರಿ. ಒಂದು ಮಾತು ತಪ್ಪಿದರೆ ಸಾವಿರಾರು ಮಂದಿ ಸಾಯುತ್ತಿದ್ದರು.

ಅವನು ಹರಿ, ಹರ ಇಬ್ಬರನ್ನೂ ಪೂಜಿಸುತ್ತಿದ್ದನು. ರಾಜನ ಅಪ್ಪಣೆಯಂತೆ ತನ್ನ ಊರಿನಲ್ಲಿ ಹರಿಗೂ ಹರನಿಗೂ ಗುಡಿ ಕಟ್ಟಿಸಿದನು. ಸವಡಿಯಲ್ಲಿ ಇಂದಿಗೂ ಹಳೆಯ ಕಲ್ಲಿನ ಗುಡಿಗಳಿವೆ.

ಈಗ ಅವನ ಪುಸ್ತಕಕ್ಕೆ ಬರುತ್ತೇನೆ. ಪುಸ್ತಕದ ಹೆಸರು ಪಂಚತಂತ್ರ. ಬೇರೆ ಪಂಚತಂತ್ರಗಳಿಂದ ಬೇರ್ಪಡಿಸಿ ಹೇಳಲು ಕರ್ಣಾಟಕ ಪಂಚತಂತ್ರ ಎನ್ನುತ್ತಾರೆ. ಅದನ್ನು ಅವನು ೧೦೩೧ರಲ್ಲಿ ಬರೆದು ಮುಗಿಸಿದನು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆಗ ಕಾಗದ ಇರಲಿಲ್ಲ, ತಾಳೆಗರಿಯ ಮೇಲೆ ಕಂಠ ಎಂಬ ಕಬ್ಬಿಣದ ಮೊನೆಯಿಂದ ಗೀರಿ ಬರೆಯುತ್ತಿದ್ದರು. ಪದ್ಯ ಮತ್ತು ಗದ್ಯ ಎರಡೂ ಕೂಡಿದ ಇಂಥ ಕಾವ್ಯಕ್ಕೆ ಚಂಪೂ ಎನ್ನುತ್ತಾರೆ. ದುರ್ಗಸಿಂಹನ ಚಂಪೂವಿನಲ್ಲಿ ಗದ್ಯವೇ ಹೆಚ್ಚು. ನನಗೆ ಅನಿಸುವುದು ಏನಂದರೆ, ಕಥೆಯನ್ನು ಪದ್ಯದಾಗ ಹೇಳಿದರೆ ಕಿವಿಗೆ ಚಂದ, ಆದರೆ ಮುಂದೇನಾಯಿತು ಎಂದು ಓಡಿಸಿಕೊಂಡು ಹೋಗಲು ಗದ್ಯವೇ ಬೇಕು.

ಪಂಚತಂತ್ರವನ್ನು ನಾವು ಹುಡುಗರ ಕಥೆ ಅಂತ ಹಗುರಾಗಿ ನೋಡುತ್ತೇವೆ. ಅದು ನಿಜವಾಗಿ ಶಾಸ್ತ್ರ, ನೀತಿಶಾಸ್ತ್ರ. ಅದು ಹುಟ್ಟಿದ್ದೇ ಮಕ್ಕಳಿಗೆ ಶಾಸ್ತ್ರ ಕಲಿಸಲಿಕ್ಕೆ. ಒಬ್ಬ ರಾಜ, ಅವನಿಗೆ ಓದು ತಲೆಗೆ ಹತ್ತದ ಗಂಡುಮಕ್ಕಳು. ಆಗಿನ ಕಾಲದ ಓದು ಅಂದರೆ ಸುಮ್ಮನೆ ಅಲ್ಲ. ವ್ಯಾಕರಣಕ್ಕೇ ಹನ್ನೆರಡು ವರ್ಷ ಬೇಕು ಅನ್ನುತ್ತಿದ್ದರು. ಆಮೇಲೆ ಮನುವಿನ ಧರ್ಮಶಾಸ್ತ್ರ, ಆಮೇಲೆ ಚಾಣಕ್ಯನ ಅರ್ಥಶಾಸ್ತ್ರ. ಅಷ್ಟೆಲ್ಲ ಓದಿ ಮುಗಿಸುವುದರಾಗ ಮಕ್ಕಳ ತಲೆಗೂದಲು ಬೆಳ್ಳಗಾಗುತ್ತಿತ್ತು! ರಾಜ ಚಿಂತೆ ಮಾಡುತ್ತ ಕುಂತ. ಆಗ ಒಬ್ಬ ಗುರು ಮುಂದೆ ಬಂದು, ನಾನು ಕಲಿಸುತ್ತೇನೆ ಅಂದ. ಅವನು ಶಾಸ್ತ್ರದ ಕಟ್ಟು ಬಿಚ್ಚಲಿಲ್ಲ. ನರಿ, ಕಾಗೆ, ಆಮೆ, ಮಂಗ ಇವುಗಳ ಕಥೆ ಹೇಳಿದ. ಆ ದೊಡ್ಡ ಶಾಸ್ತ್ರಗಳಲ್ಲಿ ಇದ್ದದ್ದೆಲ್ಲ ಕಥೆಯ ಒಳಗೇ ಇತ್ತು. ಹೋಳಿಗೆಯೊಳಗ ಹೂರಣ ಇದ್ದಂಗ.

ಈ ಗುರುವಿನ ಹೆಸರು ವಿಷ್ಣುಶರ್ಮ ಎಂದು ನಾವು ಕಲಿತಿದ್ದೇವೆ. ದುರ್ಗಸಿಂಹನ ಪುಸ್ತಕದಲ್ಲಿ ಅವನು ವಸುಭಾಗಭಟ್ಟ. ಯಾಕಂದ್ರ ಸಂಸ್ಕೃತದಲ್ಲಿ ಪಂಚತಂತ್ರ ಒಂದೇ ಇರಲಿಲ್ಲ. ವಿಷ್ಣುಶರ್ಮನದು ಒಂದು, ವಸುಭಾಗಭಟ್ಟನದು ಇನ್ನೊಂದು. ದುರ್ಗಸಿಂಹ ಆರಿಸಿಕೊಂಡದ್ದು ವಸುಭಾಗನದನ್ನು. ಇಂದು ವಸುಭಾಗಭಟ್ಟನ ಆ ಸಂಸ್ಕೃತ ಪುಸ್ತಕ ಮೂಲದ ರೂಪದಲ್ಲಿ ಉಳಿದಿಲ್ಲ. ಅವನು ಹೇಳಿದ ಕಥೆಗಳು ಹೆಂಗಿದ್ದವು ಎಂದು ತಿಳಿಯಬೇಕಾದರೆ ವಿದ್ವಾಂಸರು ನಮ್ಮ ಸವಡಿಯವನ ಕನ್ನಡ ಪುಸ್ತಕ ತೆಗೆಯಬೇಕು. ಇದನ್ನು ಕನ್ನಡ ಗುರುಗಳು ಹೇಳಿದಾಗ ನನಗೆ ಮೈ ಜುಮ್ಮೆಂದಿತು.

ಈ ಕಥೆಗಳು ವಸುಭಾಗನಿಗೆ ಎಲ್ಲಿಂದ ಬಂದವು? ಅದಕ್ಕೂ ಒಂದು ಕಥೆ ಐತಿ. ಶಿವನು ಪಾರ್ವತಿಗೆ ಕಥೆ ಹೇಳುತ್ತಿದ್ದಾಗ ಶಿವನ ಗಣಗಳಲ್ಲಿ ಒಬ್ಬ ಕದ್ದು ಕೇಳಿದನಂತೆ. ಆ ಕಥೆಗಳು ಭೂಮಿಗೆ ಬಂದು, ಗುಣಾಢ್ಯ ಎಂಬ ಕವಿ ಅವನ್ನು ಪೈಶಾಚಿ ಎಂಬ ಭಾಷೆಯಲ್ಲಿ ಬೃಹತ್ಕಥೆ ಎಂದು ಬರೆದನು. ಅದರಿಂದ ಐದನ್ನು ಆರಿಸಿ ವಸುಭಾಗನು ಪಂಚತಂತ್ರ ಮಾಡಿದನು. ಗುಣಾಢ್ಯನ ಬಗ್ಗೆ ಕಥಾಸರಿತ್ಸಾಗರದಲ್ಲಿ ಒಂದು ದುಃಖದ ಕಥೆ ಬರುತ್ತದೆ. ಪೈಶಾಚಿ ಕೀಳು ಭಾಷೆ ಎಂದು ರಾಜನು ಅವನ ಪುಸ್ತಕವನ್ನು ಬ್ಯಾಡ ಅಂದನಂತೆ. ಗುಣಾಢ್ಯನು ಅಡವಿಗೆ ಹೋಗಿ, ಒಂದೊಂದೇ ಗರಿಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕತೊಡಗಿದನು. ಅಡವಿಯ ಪ್ರಾಣಿಗಳೆಲ್ಲ ಮೇಯುವುದನ್ನು ಬಿಟ್ಟು ಸುತ್ತಲೂ ನಿಂತು ಕಣ್ಣೀರು ಹಾಕುತ್ತ ಕೇಳಿದವು. ಏಳು ಲಕ್ಷ ಶ್ಲೋಕದಲ್ಲಿ ಆರು ಲಕ್ಷ ಸುಟ್ಟು ಹೋದ ಮೇಲೆ ರಾಜನಿಗೆ ಬುದ್ಧಿ ಬಂತು. ಇದು ದಂತಕಥೆ ಇರಬಹುದು. ಆದರೂ ಓದಿದಾಗ ಆ ರಾಜನ ಮೇಲೆ ಬಹಳ ಸಿಟ್ಟು ಬರುತ್ತದೆ.

ದುರ್ಗಸಿಂಹನ ಐದು ತಂತ್ರಗಳ ಹೆಸರು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಮೊದಲನೆಯ ಭೇದ ಎಲ್ಲಕ್ಕಿಂತ ದೊಡ್ಡದು. ಅದು ಸಿಂಹ ಮತ್ತು ಎತ್ತಿನ ಗೆಳೆತನದ ಕಥೆ. ವ್ಯಾಪಾರಿಯ ಗಾಡಿ ಎಳೆಯುವ ಎತ್ತು ಹಾದಿಯಲ್ಲಿ ಕೆಸರಿನಾಗ ಸಿಕ್ಕು ಬೀಳುತ್ತದೆ. ಮಳೆಗಾಲದಲ್ಲಿ ನಮ್ಮ ಎರಿ ಹೊಲದಾಗ ಎತ್ತು ಮೊಣಕಾಲತನಕ ಹೂತು ಹೋಗುವುದನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ವ್ಯಾಪಾರಿ ಅದನ್ನು ಬಿಟ್ಟು ಹೋಗುತ್ತಾನೆ. ಎತ್ತು ಸಾಯುವುದಿಲ್ಲ. ಹಸಿರು ತಿಂದು ದಷ್ಟಪುಷ್ಟವಾಗಿ ಗುಟುರು ಹಾಕುತ್ತದೆ. ಆ ಗುಟುರು ಕೇಳಿ ಅಡವಿಯ ರಾಜ ಸಿಂಹವೇ ಹೆದರುತ್ತದೆ. ಒಂದು ನರಿ ನಡುವೆ ಬಂದು ಇಬ್ಬರಿಗೂ ಗೆಳೆತನ ಮಾಡಿಸುತ್ತದೆ. ಆಮೇಲೆ ಅದೇ ನರಿ ಹೊಟ್ಟೆಕಿಚ್ಚಿನಿಂದ ಅವನಿಗೊಂದು ಇವನಿಗೊಂದು ಚಾಡಿ ಹೇಳಿ, ಸಿಂಹವು ಎತ್ತನ್ನು ಕೊಲ್ಲುವಂತೆ ಮಾಡುತ್ತದೆ. ಸಂಧಿ ಮಾಡಿದ್ದೂ ನರಿ, ವಿಗ್ರಹ ಮಾಡಿದ್ದೂ ನರಿ! ಆಸ್ಥಾನದಲ್ಲಿ ಇಂಥ ನರಿಗಳನ್ನು ದುರ್ಗಸಿಂಹನು ದಿನಾ ನೋಡಿರಬೇಕು. ಅವನು ರಾಮಾಯಣ ಮಹಾಭಾರತ ಬಿಟ್ಟು ಈ ಪುಸ್ತಕವನ್ನೇ ಯಾಕೆ ಕನ್ನಡಕ್ಕೆ ತಂದ ಎಂಬುದಕ್ಕೆ ಇದೇ ಕಾರಣ ಇರಬೇಕು ಎಂದು ನನ್ನ ವಿಚಾರ.

ಆ ಕಥೆಯ ಎರಡು ನರಿಗಳ ಹೆಸರು ಕರಟಕ, ದಮನಕ. ಪಂಚತಂತ್ರ ಆರನೆಯ ಶತಮಾನದಲ್ಲೇ ಇರಾನ ದೇಶಕ್ಕೆ ಹೋಗಿ ಅಲ್ಲಿಯ ಪಹ್ಲವಿ ಭಾಷೆಗೆ ಬಂತು. ಎಂಟನೆಯ ಶತಮಾನದಲ್ಲಿ ಅರಬ್ಬಿಗೆ ಹೋಯಿತು. ಅರಬ್ಬರ ಬಾಯಿಯಲ್ಲಿ ಕರಟಕ ದಮನಕ ಹೋಗಿ ಕಲೀಲ ದಿಮ್ನ ಆದವು, ಪುಸ್ತಕದ ಹೆಸರೂ ಅದೇ. ಅಲ್ಲಿಂದ ಯುರೋಪಿನ ತುಂಬಾ ಹಬ್ಬಿತು. ಈ ಕಡೆ ಪೂರ್ವಕ್ಕೆ, ಸಮುದ್ರದಾಚೆ ಜಾವಾ ದ್ವೀಪಕ್ಕೆ ಹೋದದ್ದು ವಸುಭಾಗನ ಕಥೆಗಳು, ಅಂದರೆ ನಮ್ಮ ದುರ್ಗಸಿಂಹನ ಪುಸ್ತಕದ ಸೋದರಸಂಬಂಧಿ. ನಮ್ಮ ದೇಶದ ಆಡುಭಾಷೆಗಳಲ್ಲಿ ಮಾತ್ರ ಪಂಚತಂತ್ರ ಮೊದಲು ಬಂದದ್ದು ಕನ್ನಡದಲ್ಲಿ ಅನ್ನುತ್ತಾರೆ. ಆ ಕೆಲಸ ಆದದ್ದು ದುರ್ಗಸಿಂಹನಿಂದ.

ಇಲ್ಲಿ ಒಂದು ತೊಂದರೆ ಐತಿ, ಅದನ್ನು ಹೇಳಲೇಬೇಕು. ದುರ್ಗಸಿಂಹನು ಸಂಸ್ಕೃತ ಬಾರದವರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಬರೆದನು. ಸಾವಿರ ವರ್ಷ ಆಯಿತು. ಈಗ ಅವನ ಕನ್ನಡವೇ ನಮಗೆ ಸಂಸ್ಕೃತದಷ್ಟು ಕಠಿಣ ಆಗಿದೆ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ವೃಕ್ಷಸಾಕ್ಷಿ ಎಂಬ ಅವನ ಕಥೆ ಪಾಠವಾಗಿ ಬಂದಿದೆ. ನಮ್ಮ ಗುರುಗಳು ಅದರ ಮೊದಲ ಭಾಗವನ್ನು ನಮಗೆ ಓದಿ ತೋರಿಸಿದರು. ಇದು ಕನ್ನಡ ಹೌದೋ ಅಲ್ಲೋ ಎಂದು ನಾವೆಲ್ಲ ಒಬ್ಬರ ಮಾರಿ ಒಬ್ಬರು ನೋಡಿದೆವು. ಆಮೇಲೆ ಗುರುಗಳು ಒಂದು ಕೀಲಿಕೈ ಕೊಟ್ಟರು. ಹಳಗನ್ನಡದ ಎಷ್ಟೋ ಶಬ್ದಗಳಲ್ಲಿ ಮೊದಲಿಗೆ ಪ ಇದ್ದರೆ ಅಲ್ಲಿ ಹ ಇಟ್ಟು ನೋಡಬೇಕು. ಪಾಲು ಹಾಲಾಗುತ್ತದೆ, ಪಲ್ಲು ಹಲ್ಲಾಗುತ್ತದೆ, ಪಾವು ಹಾವಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪೊನ್ನು ಹೊನ್ನಾಗುತ್ತದೆ. ಹಿಂಗ ಮಾಡುತ್ತ ಹೋದಂತೆ ಅರ್ಧ ಶಬ್ದಗಳು ನಮ್ಮ ಮನಿ ಮಂದಿಯಂಗ ಗುರುತು ಸಿಕ್ಕವು. ಉಳಿದರ್ಧ ಗುರುಗಳೇ ಹೇಳಬೇಕಾಯಿತು.

ಆ ಕಥೆಯನ್ನು ನಮ್ಮ ಮಾತಿನಾಗ ಬರೆಯುತ್ತೇನೆ, ಕೇಳ್ರಿ.

ಒಂದೂರಾಗ ಇಬ್ಬರು ವ್ಯಾಪಾರಿ ಹುಡುಗರು, ಧರ್ಮಬುದ್ಧಿ ಮತ್ತು ದುಷ್ಟಬುದ್ಧಿ. ಇಬ್ಬರೂ ಕೂಡಿ ದೂರದೇಶಕ್ಕೆ ಹೋಗಿ ವ್ಯಾಪಾರ ಮಾಡಿ ರಗಡ ಹೊನ್ನು ಗಳಿಸಿಕೊಂಡು ಬಂದರು. ಊರ ಹೊರಗ ನಿಂತಾಗ ದುಷ್ಟಬುದ್ಧಿ, ಎಲ್ಲಾ ಮನಿಗೆ ಒಯ್ಯೂದು ಬ್ಯಾಡ, ಬೇಕಾದಷ್ಟು ತಗೊಂಡು ಉಳಿದದ್ದನ್ನ ಇಲ್ಲೇ ಆಲದ ಮರದ ಬುಡಕ್ಕೆ ಹೂಳೂಣು ಅಂದ. ಧರ್ಮಬುದ್ಧಿ ಒಳ್ಳೆಯವ, ಹೂಂ ಅಂದ. ಅವತ್ತ ರಾತ್ರಿ ದುಷ್ಟಬುದ್ಧಿ ಒಬ್ಬನೇ ಬಂದು ಎಲ್ಲಾ ಹೊನ್ನು ಅಗೆದು ಒಯ್ದು ಕುಣಿ ಮುಚ್ಚಿದ. ಕೆಲವು ದಿವಸ ಆದಮ್ಯಾಲೆ ಇಬ್ಬರೂ ಹೋಗಿ ಅಗೆದರೆ ಏನೈತಿ ಅಲ್ಲಿ, ಬರೇ ಮಣ್ಣು. ದುಷ್ಟಬುದ್ಧಿನೇ ಮೊದಲು ಬೊಬ್ಬೆ ಹೊಡೆದ. ನೀನೇ ಕದ್ದಿ ಅಂತ ಧರ್ಮಬುದ್ಧಿಯನ್ನ ಎಳಕೊಂಡು ನ್ಯಾಯದ ಕಟ್ಟಿಗೆ ಹೋದ.

ನ್ಯಾಯ ಹೇಳುವವರು ಸಾಕ್ಷಿ ಯಾರು ಅಂತ ಕೇಳಿದರು. ದುಷ್ಟಬುದ್ಧಿ, ಆ ಆಲದ ಮರನ ಸಾಕ್ಷಿ ಅಂದುಬಿಟ್ಟ. ಎಲ್ಲಾರಿಗೂ ಸೋಜಿಗ ಆತು. ಮರ ಹೆಂಗ ಮಾತಾಡತೈತಿ ನೋಡೂಣು, ನಾಳೆ ಬರ್ತೀವಿ ಅಂದರು. ದುಷ್ಟಬುದ್ಧಿ ಮನಿಗೆ ಓಡಿ ಬಂದು ಅವರಪ್ಪ ಪ್ರೇಮಮತಿಗೆ ಎಲ್ಲಾ ಹೇಳಿ, ನೀ ರಾತ್ರಿನೇ ಹೋಗಿ ಮರದ ಪೊಟರೆಯಾಗ ಕುಂದ್ರು, ಅವರು ಕೇಳಿದಾಗ ಧರ್ಮಬುದ್ಧಿ ಒಯ್ದಾನ ಅಂತ ಹೇಳು ಅಂದ. ಪ್ರೇಮಮತಿಗೆ ಇದು ತಪ್ಪು ಅಂತ ಗೊತ್ತಿತ್ತು. ಇದರಿಂದ ಮನೆತನಕ್ಕ ಕೇಡು ಅಂತ ಮಗನಿಗೆ ಹೇಳಿದ. ಆದರೂ ಮಗ ಕೇಳಲಿಲ್ಲ. ಕಡೀಕೆ ಮುದುಕ ಹೋಗಿ ಪೊಟರೆಯಾಗ ಕುಂತ.

ಮುಂಜಾನೆ ಊರೆಲ್ಲ ಮರದ ಕೆಳಗ ನೆರೀತು. ಮರಕ್ಕ ಪೂಜೆ ಮಾಡಿ ಕೇಳಿದರು. ಮರದೊಳಗಿಂದ ಮಾತು ಬಂತು, ಧರ್ಮಬುದ್ಧಿನೇ ಒಯ್ದಾನ ಅಂತ. ಮಂದಿ ಹೌಹಾರಿದರು. ಧರ್ಮಬುದ್ಧಿಗೆ ಮಾತ್ರ ತಾನು ಒಯ್ದಿಲ್ಲ ಅಂತ ಗೊತ್ತೈತಿ. ದೇವರಂಥ ಮರ ಸುಳ್ಳು ಹೇಳಂಗಿಲ್ಲ, ಹೇಳಿದರೆ ಅದು ಮರ ಅಲ್ಲ ಅಂತ ವಿಚಾರ ಮಾಡಿ ಮರದ ಸುತ್ತ ಒಂದು ಸುತ್ತು ಬಂದ. ಪೊಟರೆ ಕಂಡಿತು, ಮನುಷ್ಯರು ಹತ್ತಿದ ಗುರುತೂ ಕಂಡಿತು. ಹುಲ್ಲು ತಂದು ತುರುಕಿ ಬೆಂಕಿ ಹಚ್ಚಿದ. ಹೊಗಿ ತಡೀಲಾರದೆ ಪ್ರೇಮಮತಿ ಒದ್ದಾಡುತ್ತ ಹೊರಗ ಬಿದ್ದ, ಅಲ್ಲೇ ಪ್ರಾಣ ಬಿಟ್ಟ. ನ್ಯಾಯದವರಿಗೆ ಎಲ್ಲಾ ತಿಳೀತು. ಹೊನ್ನು ಧರ್ಮಬುದ್ಧಿಗೆ ಕೊಡಿಸಿದರು, ದುಷ್ಟಬುದ್ಧಿಗೆ ಶಿಕ್ಷೆ ಆತು.

ಈ ಕಥೆ ಮುಗಿದ ಮೇಲೆ ವರ್ಗದಲ್ಲಿ ದೊಡ್ಡ ವಾದ ನಡೆಯಿತು. ಧರ್ಮಬುದ್ಧಿ ಬೆಂಕಿ ಹಚ್ಚಿದ್ದು ಸರಿಯೇ? ಹುಡುಗರಲ್ಲಿ ಹೆಚ್ಚಿನವರು ಸರಿ ಎಂದರು. ಹುಡುಗಿಯರಲ್ಲಿ ಕೆಲವರು ಅಲ್ಲ ಎಂದರು, ಒಳಗೆ ಮನುಷ್ಯ ಇದ್ದಾನೆ ಎಂದು ಗೊತ್ತಿದ್ದರೆ ಕರೆದು ಇಳಿಸಬಹುದಾಗಿತ್ತು ಎಂದು ಅವರ ವಾದ. ನನಗೆ ಪ್ರೇಮಮತಿಯದೇ ನೆನಪಾಗುತ್ತದೆ. ದುಷ್ಟಬುದ್ಧಿಯನ್ನು ನೋಡಿದರೆ ಸಿಟ್ಟು ಬರುತ್ತದೆ, ಅಷ್ಟೇ. ಪ್ರೇಮಮತಿಯದು ಹಂಗಲ್ಲ. ತಪ್ಪು ಅಂತ ಬಾಯಿಲೆ ಹೇಳಿ, ಕಾಲಿಲೆ ಹೋಗಿ ಕುಂತ. ಅವನ ಹೆಸರಿನಾಗ ಪ್ರೇಮ ಐತಿ ನೋಡ್ರಿ. ಮೂರನೇ ವರ್ಗದಲ್ಲಿರುವ ನನ್ನ ತಂಗಿಗೆ ಇದನ್ನು ಮನಿಯಾಗ ಹೇಳಿದೆ. ಆ ಮರ ಎಲ್ಲಾ ನೋಡಿತ್ತಲ್ಲ, ಅದೇ ಯಾಕ ಖರೇ ಹೇಳಲಿಲ್ಲ ಅಂತ ಕೇಳಿದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ದುರ್ಗಸಿಂಹನು ತನಗಿಂತ ಹಿಂದಿನ ಕವಿಗಳನ್ನು ಮರೆಯಲಿಲ್ಲ. ಪಂಪ, ಪೊನ್ನ ಮೊದಲಾದವರನ್ನು ತನ್ನ ಪುಸ್ತಕದಲ್ಲಿ ನೆನೆದಿದ್ದಾನೆ. ಪಂಪನು ಅರ್ಜುನನ ಕಥೆಯನ್ನು ಕನ್ನಡದಲ್ಲಿ ಬರೆದದ್ದು ೯೪೧ರಲ್ಲಿ, ದುರ್ಗಸಿಂಹನಿಗಿಂತ ೯೦ ವರ್ಷ ಮೊದಲು. ನವಲಗುಂದ ಗದಗ ನಡುವಿನ ಅಣ್ಣಿಗೇರಿ ಪಂಪನ ಊರು ಅನ್ನುತ್ತಾರೆ. ದುರ್ಗಸಿಂಹನ ನಂತರ, ೧೧೧೨ರಲ್ಲಿ, ಮುಳಗುಂದದ ನಯಸೇನನು ಜೈನಧರ್ಮದ ನೀತಿಯನ್ನು ಕಥೆಗಳಲ್ಲಿ ಹೇಳಿ ಧರ್ಮಾಮೃತ ಬರೆದನು. ಆಮೇಲೆ ಕೋಳಿವಾಡದ ನಾರಣಪ್ಪ, ಅವನೇ ಕುಮಾರವ್ಯಾಸ, ಗದುಗಿನ ವೀರನಾರಾಯಣನ ಗುಡಿಯಲ್ಲಿ ಮಹಾಭಾರತವನ್ನು ಕನ್ನಡದಲ್ಲಿ ಹಾಡಿದನು. ನಕಾಶೆ ತೆಗೆದು ಈ ಊರುಗಳಿಗೆ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟು ನೋಡಿರಿ. ಎಲ್ಲವೂ ಒಂದು ಗೇಣಿನೊಳಗ ಬರುತ್ತವೆ. ನರಗುಂದದ ಬಂಡಾಯ ಎಲ್ಲರಿಗೂ ಗೊತ್ತು, ಗಜೇಂದ್ರಗಡದ ಕೋಟೆ ಗೊತ್ತು. ಸವಡಿ ಅಂದರೆ ಮಾತ್ರ ನಮ್ಮ ತಾಲೂಕಿನವರೇ ಅಲ್ಲೇನೈತಿ ಅಂತ ಕೇಳುತ್ತಾರೆ.

ಗುರುಗಳ ಕಪಾಟಿನಲ್ಲಿ ದುರ್ಗಸಿಂಹನ ಪುಸ್ತಕ ಅರ್ಥಸಹಿತ ಇದೆ. ಪ್ರತಿ ತಿಂಗಳು ಒಂದು ಕಥೆಯನ್ನು ಗುರುಗಳ ಹತ್ತಿರ ಕೇಳಿ ನಮ್ಮ ಮಾತಿನಲ್ಲಿ ಬರೆದು ಇಲ್ಲಿ ಹಚ್ಚುವುದು ಎಂದು ಏಳನೇ ವರ್ಗದವರು ಠರಾಯಿಸಿದ್ದೇವೆ. ಮುಂದಿನ ತಿಂಗಳು ಮುಂಗುಸಿಯ ಕಥೆ. ತೊಟ್ಟಿಲದ ಕೂಸನ್ನು ಹಾವಿನಿಂದ ಕಾಯ್ದ ಮುಂಗುಸಿಯನ್ನು, ಬಾಯಿಗೆ ಹತ್ತಿದ ರಕ್ತ ನೋಡಿ ಕೊಂದುಬಿಟ್ಟ ಕಥೆ. ಚಿತ್ರ ಬರೆಯಲು ಆರನೇ ವರ್ಗದ ಇಬ್ಬರು ಒಪ್ಪಿದ್ದಾರೆ. ಬಣ್ಣದ ಸೀಸ ಇದ್ದವರು ತಂದು ಕೊಡಬೇಕು, ಕೆಂಪು ಬಣ್ಣ ಹೆಚ್ಚು ಬೇಕಾಗುತ್ತದೆ.

ಇನ್ನೊಂದು ಸೂಚನೆ. ಈ ಪತ್ರಿಕೆ ಹಚ್ಚುವ ಹಲಗೆ ಎತ್ತರ ಆಗಿದೆ. ಎರಡನೇ ಮೂರನೇ ವರ್ಗದ ಸಣ್ಣವರು ಬೆಂಚಿನ ಮೇಲೆ ಹತ್ತಿ ಓದುತ್ತಾರೆ, ಮೊನ್ನೆ ಒಬ್ಬ ಬಿದ್ದ. ಅದಕ್ಕೆ ಮುಂದಿನ ತಿಂಗಳಿಂದ ಕಥೆಯ ಹಾಳೆಯನ್ನು ಕೆಳಗೆ, ಕಿಡಕಿಯ ಕಟ್ಟೆಯ ಸಮಕ್ಕೆ, ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚುತ್ತೇವೆ. ದೊಡ್ಡವರು ಬಗ್ಗಿ ಓದಿಕೊಳ್ಳಬೇಕು.